ಚಾರ್ಟು, ಕಾರ್ಡು, ಸ್ಯಾಂಡ್ ಪೇಪರ್: ಕನ್ನಡ ಓದು ಕಲಿಸಲು ಯಾವುದು ಎಲ್ಲಿಯವರೆಗೆ ಬರುತ್ತದೆ

ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಅವೆನ್ಯೂ ರಸ್ತೆಯಲ್ಲೋ ಪುಸ್ತಕದಂಗಡಿಗೆ ಹೋಗಿ "ಮಗುಗೆ ಕನ್ನಡ ಓದೋದು ಕಲಿಸ್ಬೇಕು, ಏನಿದೆ?" ಅಂತ ಕೇಳಿದರೆ ಸಾಮಾನ್ಯವಾಗಿ ಮೂರು ವಸ್ತು ಮುಂದೆ ಬರುತ್ತವೆ: ಗೋಡೆಗೆ ಅಂಟಿಸುವ ವರ್ಣಮಾಲೆ ಚಾರ್ಟು, ಚುಕ್ಕಿ ಸೇರಿಸಿ ತಿದ್ದುವ ಕಾಪಿ ಪುಸ್ತಕ, ಕಾಗುಣಿತದ ಪುಸ್ತಕ. ಮನೆಗೆ ಬಂದರೆ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಫೋನಿಕ್ಸ್ (ಅಕ್ಷರದ ಸದ್ದು ಕೂಡಿಸಿ ಓದು ಕಲಿಸುವ) ಕ್ಲಾಸಿನ ಚೀಟಿ, ಮೊಬೈಲಿನಲ್ಲಿ ಅಕ್ಷರ ಕಲಿಸುವ ಆ್ಯಪು. ಎಲ್ಲವೂ ಮಗು ಓದಲು ಕಲಿಯುತ್ತದೆ ಎಂದೇ ಹೇಳುತ್ತವೆ. ಹೆಚ್ಚಿನವು ಅಕ್ಷರ ಗುರುತಿಸುವುದನ್ನು ಕಲಿಸಿ ಅಲ್ಲಿಗೇ ನಿಲ್ಲುತ್ತವೆ.

ಕನ್ನಡದ ಲೆಕ್ಕ ನೋಡಿ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಷ್ಟನ್ನು ಯಾವ ವಿಧಾನದಲ್ಲಾದರೂ ಕೆಲವು ತಿಂಗಳಲ್ಲಿ ಕಲಿಸಬಹುದು. ಆದರೆ 34 ವ್ಯಂಜನಗಳಿಗೆ 15 ರೂಪದ ಕಾಗುಣಿತ ಹಿಡಿದರೆ 510 ಅಕ್ಷರ. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟವಾದ ಸೋನಾಲಿ ನಾಗ್ ಅವರ ಅಧ್ಯಯನ ತೋರಿಸಿದ್ದೂ ಇದನ್ನೇ: ನಾಲ್ಕನೇ ತರಗತಿಯ ಹೊತ್ತಿಗೂ ಮಕ್ಕಳ ಅಕ್ಷರಜ್ಞಾನ ಇನ್ನೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಎಲ್ಲ ಸಾಮಗ್ರಿಗಳಿಗೂ ಒಂದೇ ಅಳತೆಗೋಲು: ಗುಣಿತ ಮತ್ತು ಒತ್ತು ಬಂದಾಗ ಇದು ಏನು ಮಾಡುತ್ತದೆ?

ವರ್ಣಮಾಲೆ ಚಾರ್ಟು

ಅಗ್ಗ, ಎಲ್ಲೆಡೆ ಸಿಗುತ್ತದೆ, ಗೋಡೆ ತುಂಬುತ್ತದೆ. ಅಕ್ಷರಗಳ ಕ್ರಮ ಬಾಯಿಗೆ ಬರಲು ಸಾಕು. ದೊಡ್ಡವರಾದ ಮೇಲೆ ನಿಘಂಟು ನೋಡಲು ಆ ಕ್ರಮ ಬೇಕೇ ಬೇಕು. ಓದು ಕಲಿಸಲು ಮಾತ್ರ ಇದು ಬಲಹೀನ, ಕಾರಣ ಚಿತ್ರಗಳೇ. 'ಅ' ಕೆಳಗೆ ಅಮ್ಮನ ಚಿತ್ರ, 'ಅಮ್ಮ' ಎಂಬ ಪದ. ಮೊದಲ ದಿನದ ಮೊದಲ ಪದದಲ್ಲೇ ಒತ್ತಕ್ಷರ! ಮಗು ಅಲ್ಲಿ ಓದುವುದು ಚಿತ್ರವನ್ನು, ಪದವನ್ನಲ್ಲ. ಬೇಕಿದ್ದರೆ ಚಿತ್ರಕ್ಕೆ ಕೈ ಅಡ್ಡ ಇಟ್ಟು ಕೇಳಿ ನೋಡಿ. 'ಙ', 'ಞ' ಪದದ ಮೊದಲಿಗೆ ಬರುವುದೇ ಇಲ್ಲ, ಆದರೂ ಚಾರ್ಟಿನಲ್ಲಿ 'ಕ'ಗೆ ಇರುವಷ್ಟೇ ದೊಡ್ಡ ಮನೆ ಅವಕ್ಕೂ ಇರುತ್ತದೆ. ಅವೆರಡನ್ನು ಕೊನೆಗೆ ಬಿಟ್ಟರೆ ನಷ್ಟವೇನಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಮುದ್ರಣ. ಫಾಂಟು ಕೆಟ್ಟಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ, ಅರ್ಕಾವೊತ್ತು ('ಸೂರ್ಯ'ದಲ್ಲಿ ಬರುವ ರ ಚಿಹ್ನೆ) ತಪ್ಪು ಅಕ್ಷರಕ್ಕೆ ಅಂಟಿರುತ್ತದೆ. ಅಂಗಡಿಯಲ್ಲೇ 'ಥ', 'ಧ' ಎರಡನ್ನೂ ಹುಡುಕಿ ನೋಡಿ. 'ಥ'ದ ಹೊಟ್ಟೆಯೊಳಗಿನ ಚುಕ್ಕಿ ಆರು ಅಡಿ ದೂರದಿಂದ ಕಾಣದಿದ್ದರೆ ಆ ಚಾರ್ಟು ಬೇಡ.

ಕಾಗುಣಿತದ ಪುಸ್ತಕ ಮತ್ತು ಕಂಠಪಾಠ

ಕ ಕಾ ಕಿ ಕೀ ಹಾಡಿಸುವ ಪದ್ಧತಿಯನ್ನು ಹಳತು ಎಂದು ತಳ್ಳಿಹಾಕುವುದು ಸುಲಭ. ಕಿವಿಗೆ ಹ್ರಸ್ವ-ದೀರ್ಘದ ವ್ಯತ್ಯಾಸ ಕೂರಿಸಲು ಇದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಸಿಕ್ಕುವುದು ಕಷ್ಟ. ಇದು ಕೆಡುವುದು ಎಲ್ಲಿ ಎಂದರೆ, ಹಾಡು ಅಡ್ಡಸಾಲಿನಲ್ಲಿ ಸಾಗುತ್ತದೆ, ಓದು ಹಾಗೆ ಸಾಗುವುದಿಲ್ಲ. 'ಗೇ' ಒಂದನ್ನೇ ತೋರಿಸಿದರೆ ಮಗು ಬೆರಳು ಮಡಚುತ್ತಾ ಗ, ಗಾ, ಗಿ, ಗೀ ಎಂದು ಶುರುಮಾಡಿ ಒಂಬತ್ತನೆಯದಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಪದದ ಮೊದಲ ಅಕ್ಷರ ಮರೆತಿರುತ್ತದೆ.

ಪರಿಹಾರ ಅದೇ ಪುಸ್ತಕದಲ್ಲಿದೆ, ಅದನ್ನು ನಿಲುವಾಗಿ ಓದಿಸಿ: ಕಿ, ಗಿ, ಚಿ, ತಿ, ದಿ, ನಿ. ಒಂದು ವಾರ ಒಂದೇ ಚಿಹ್ನೆ. ನಮ್ಮ ಲೆಕ್ಕದಲ್ಲಿ ಸರಿಯಾದ ಕ್ರಮ ಇಳಿ (ಕಾ), ಗುಡಿಸು (ಕಿ), ಕೊಂಬು (ಕು), ಕೊಂಬಿನ ಇಳಿ (ಕೂ), ಏತ್ವ (ಕೆ). ಇವು ಗಟ್ಟಿಯಾದ ಮೇಲೆ ದೀರ್ಘದ ಚಿಹ್ನೆಯನ್ನು ಒಂದೇ ಸಲ ಕಲಿಸಬಹುದು, ಏಕೆಂದರೆ ಕೀ, ಕೇ, ಕೋ ಮೂರಕ್ಕೂ ಹತ್ತುವುದು ಅದೇ ಬಾಲ. ಕಿಗೆ ಬಾಲ ಹಚ್ಚಿದರೆ ಕೀ, ಕೆಗೆ ಹಚ್ಚಿದರೆ ಕೇ. ಪುಸ್ತಕದ ಕ್ರಮದಲ್ಲಿ ಇವು ಬೇರೆ ಬೇರೆ ಪುಟದ ಬೇರೆ ಬೇರೆ ಪಾಠ, ಮಗುವಿಗೆ ಮೂರು ಪಟ್ಟು ಕೆಲಸ.

'ಕೊ' ಹೆಚ್ಚು ಸಮಯ ಬೇಡುತ್ತದೆ. ಕಣ್ಣಿಗೆ ಅದು ಕೆ ಮತ್ತು ಕೊಂಬಿನ ಇಳಿ ಎರಡೂ ಸೇರಿದ್ದು, ಕಿವಿಗೆ ಎರಡೂ ಅಲ್ಲ. 'ಕೊಡೆ' ಎಂಬುದನ್ನು 'ಕೆಊಡೆ' ಎಂದು ಓದುವ ಮಗು ತಪ್ಪು ಮಾಡುತ್ತಿಲ್ಲ, ಕಂಡದ್ದನ್ನು ಕಂಡಂತೆ ಓದುತ್ತಿದೆ. ಎರಡು ಚಿಹ್ನೆ ಒಟ್ಟಿಗೆ ಬಂದರೆ ಹೊಸ ಸದ್ದು ಎಂದು ಬಾಯಿಬಿಟ್ಟು ಹೇಳಬೇಕು. ಕೊಂಬನ್ನು ಕಲಿಸುವಾಗ 'ಪು', 'ವು' ಬೇರೆ ತೆಗೆದಿಡಿ, ಅಲ್ಲಿ ಕೊಂಬು ಪಕ್ಕಕ್ಕಲ್ಲ, ಕೆಳಗೆ ಇಳಿಯುತ್ತದೆ. ಪಕ್ಕಕ್ಕೇ ಬರೆದರೆ 'ವು' ಹೋಗಿ 'ಮ' ಆಗಿಬಿಡುತ್ತದೆ.

ಚುಕ್ಕಿ ತಿದ್ದುವ ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲಿಂದ ಶುರು ಎಂಬ ಬಾಣದ ಗುರುತು ಇಲ್ಲದ್ದನ್ನು ಕೊಳ್ಳಬೇಡಿ. ಬಾಣವಿಲ್ಲದಿದ್ದರೆ ಮಗು ಚುಕ್ಕಿಗಳನ್ನು ತೋಚಿದ ದಿಕ್ಕಿನಿಂದ ಸೇರಿಸುತ್ತದೆ, ಅದು ಅಕ್ಷರವಲ್ಲ, ರಂಗೋಲಿ.

ರ ಗ ಸ ದ ಅ

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮ ಇದು. ಅ ಆ ಇ ಈ ಬಿಟ್ಟು, ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಕಾರ್ಡು, ಕಲಿಕಾ ಏಣಿ, ಗುಂಪು ಎಲ್ಲ ಸೇರಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ.

ಇದರ ಬಲ ಐದನೇ ಅಕ್ಷರಕ್ಕೇ ಗೊತ್ತಾಗುತ್ತದೆ. ಐದು ಅಕ್ಷರ ಬಂದರೆ ಸರ, ರಸ, ದರ, ಅಗಸ, ಅರಸ, ಸರಸರ, ಗರಗರ ಓದಬಹುದು. ಹತ್ತು ಬಂದರೆ 'ಅರಸನ ಮಗ ಬಸವ' ಎಂಬ ಪೂರ್ತಿ ಸಾಲು. ಅ ಆ ಇ ಈ ಕ್ರಮದಲ್ಲಿ ಹತ್ತು ಅಕ್ಷರ ಕಲಿತ ಮಗುವಿಗೆ 'ಆ', 'ಈ' ಥರದವು ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ, ಕನ್ನಡದಲ್ಲಿ ಸ್ವರಗಳು ಪದದ ನಡುವೆ ಆ ರೂಪದಲ್ಲಿ ಬರುವುದೇ ಇಲ್ಲವಲ್ಲ. ಓದಿದರೆ ಅರ್ಥ ಹುಟ್ಟುತ್ತದೆ ಎಂಬುದು ಎರಡನೇ ವಾರಕ್ಕೇ ಮಗುವಿಗೆ ತಿಳಿಯುವುದು ಸಣ್ಣ ಲಾಭವಲ್ಲ.

ದೋಷವೂ ಇದೆ. ಆಕಾರ ಹತ್ತಿರವಿರುವ ಅಕ್ಷರಗಳನ್ನು ಒಟ್ಟಿಗೆ ಕೊಟ್ಟರೆ ಬರೆಯುವ ಕೈಗೆ ಅನುಕೂಲ, ಓದುವ ಕಣ್ಣಿಗೆ ಗೊಂದಲ. ಎರಡನೇ ಗುಂಪಿನಲ್ಲಿ ವ, ಮ, ಬ ಮೂರೂ ಇವೆ. ಒಂದೇ ದಿನ ಮೂರನ್ನೂ ಕಲಿತರೆ 'ಮರ' ಹೋಗಿ 'ವರ', 'ಬರ' ಆಗುತ್ತದೆ. ಮನೆಯಲ್ಲಿ ಕಲಿಸುವವರು ಜ, ಮ, ನ ಮೊದಲು ಕೊಟ್ಟು, ವ ಮತ್ತು ಬ ನಡುವೆ ನಾಲ್ಕೈದು ದಿನ ಬಿಡುವುದು ಒಳ್ಳೆಯದು.

ಶಾಲೆಯ ನಲಿ-ಕಲಿ ಕಾರ್ಡುಗಳು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕೆಳತರಗತಿಗಳ ಪುಸ್ತಕದ ಪಿಡಿಎಫ್ ಉಚಿತ. ಕಾರ್ಡನ್ನು ಮನೆಯಲ್ಲೇ ಮಾಡಬಹುದು. 22×28 ಇಂಚಿನ ಒಂದು ಡ್ರಾಯಿಂಗ್ ಹಾಳೆಯಿಂದ 4 ಇಂಚಿನ ಚೌಕ 35 ಬರುತ್ತವೆ, ಎರಡು ಹಾಳೆಗೆ 70. ಅಕ್ಷರಗಳಿಗೆ 49, ಗುಣಿತ ಚಿಹ್ನೆಗಳಿಗೆ 12, ಮಿಕ್ಕವು ಹರಿದುಹೋದವಕ್ಕೆ ಬದಲಿ. ದಪ್ಪ ತುದಿಯ ಕಪ್ಪು ಮಾರ್ಕರ್ ಸಾಕು. ಕಾರ್ಡಿನಲ್ಲಿ ಚಿತ್ರ ಬೇಡ, ಬಣ್ಣ ಬೇಡ. ಬಣ್ಣ ಹಚ್ಚಿದರೆ ಮಗು 'ಕೆಂಪು ಕಾರ್ಡು ಗ' ಎಂದು ಬಣ್ಣವನ್ನೇ ಓದುತ್ತದೆ.

ಸ್ಯಾಂಡ್ ಪೇಪರ್ ಅಕ್ಷರ

ಮಾಂಟೆಸರಿ ಶಾಲೆಗಳ ಸಾಮಗ್ರಿ ಇದು. ನಯವಾದ ಹಲಗೆಯ ಮೇಲೆ ಒರಟು ಅಕ್ಷರ. ಮಗು ತೋರುಬೆರಳು, ನಡುಬೆರಳು ಸೇರಿಸಿ ಸವರುತ್ತಾ ಸದ್ದು ಹೇಳುತ್ತದೆ. ಕನ್ನಡದ ದುಂಡು ಅಕ್ಷರಗಳಿಗೆ ಇದು ಬಹಳ ಹೊಂದುತ್ತದೆ, ವಿಶೇಷವಾಗಿ ಪೆನ್ಸಿಲ್ ಹಿಡಿಯಲು ಇನ್ನೂ ಬಾರದ ಮೂರೂವರೆ, ನಾಲ್ಕು ವರ್ಷದವರಿಗೆ.

ಸಿದ್ಧ ಸೆಟ್ಟು ದುಬಾರಿ. ಮನೆಯಲ್ಲಿ ಮಾಡುವುದಾದರೆ ಹಾರ್ಡ್‌ವೇರ್ ಅಂಗಡಿಯ 120 ಅಥವಾ 150 ನಂಬರಿನ ಹಾಳೆ ತನ್ನಿ. 60, 80 ನಂಬರಿನದು ಬೆರಳು ತರಚುತ್ತದೆ, 400ರದ್ದು ಗೊತ್ತೇ ಆಗುವುದಿಲ್ಲ. 9×11 ಇಂಚಿನ ಹಾಳೆಯಲ್ಲಿ ಮೂರೂವರೆ ಇಂಚಿನ ಅಕ್ಷರ ಆರು ಬರುತ್ತವೆ, 49ಕ್ಕೆ ಒಂಬತ್ತು ಹಾಳೆ ಬೇಕು. ಹೆಚ್ಚಿನವರು ಎಡವುವ ಜಾಗ: ಅಕ್ಷರವನ್ನು ಹಾಳೆಯ ಹಿಂಬದಿಯಲ್ಲಿ ಬರೆದು ಕತ್ತರಿಸುತ್ತಾರೆ, ತಿರುಗಿಸಿದಾಗ ಅಕ್ಷರ ಎಡಬಲ ಅದಲುಬದಲು. ಹಿಂಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಒಳ್ಳೆಯ ಕತ್ತರಿ ಬಳಸಬೇಡಿ, ಹರಿತ ಹೋಗುತ್ತದೆ. ಬ್ಲೇಡು ಸಾಕು, ಕತ್ತರಿಸುವ ಕೆಲಸ ದೊಡ್ಡವರದು. ಫೆವಿಕಾಲ್ ತೆಳ್ಳಗೆ ಹಚ್ಚಿ ಮೇಲೆ ಭಾರದ ಪುಸ್ತಕ ಇಟ್ಟು ಒಂದು ರಾತ್ರಿ ಬಿಡಿ. ಶುರುಮಾಡುವ ಜಾಗದಲ್ಲಿ ಒಂದು ಕೆಂಪು ಚುಕ್ಕಿ.

ಕಲಿಸುವ ರೀತಿ ಮೂರು ಹಂತದ್ದು, ಯಾವ ಕಾರ್ಡಿಗೂ ಇದು ಅನ್ವಯಿಸುತ್ತದೆ. ಮೊದಲು "ಇದು ಗ, ಇದು ಸ." ಆಮೇಲೆ "ಗ ಎಲ್ಲಿದೆ, ತೋರ್ಸು." ಕೊನೆಗೆ ಬೆರಳಿಟ್ಟು "ಇದೇನು?" ಒಂದು ಸಲಕ್ಕೆ ಎರಡು ಅಥವಾ ಮೂರು ಅಕ್ಷರ ಮಾತ್ರ. ಅಪ್ಪ-ಅಮ್ಮಂದಿರು ನೇರ ಮೂರನೇ ಪ್ರಶ್ನೆಗೇ ಹಾರುತ್ತಾರೆ. ಪಾಠ ಪರೀಕ್ಷೆಯಾಗಿ, ಮಗು ಕಾರ್ಡು ಕಂಡರೆ ಓಡುವುದು ಅಲ್ಲಿಂದಲೇ.

ಇದು ಸೋಲುವುದು ಗುಣಿತದಲ್ಲಿ. ಇಂಗ್ಲಿಷಿನಲ್ಲಿ ಬಿಡಿ ಅಕ್ಷರ ಪಕ್ಕಪಕ್ಕ ಇಟ್ಟರೆ ಪದವಾಗುತ್ತದೆ. ಕನ್ನಡದಲ್ಲಿ ಕೊಂಬನ್ನು ಪಕ್ಕಕ್ಕೆ ಇಡಬಹುದು, ಗುಡಿಸು ಇಡಬೇಕಾದರೆ ತಲಕಟ್ಟು (ಅಕ್ಷರದ ತಲೆಯ ಮೇಲಿನ ಗೆರೆ) ತೆಗೆಯಬೇಕು. ಇದಕ್ಕೆ ಸುಲಭ ದಾರಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ತಲಕಟ್ಟಿಲ್ಲದ ಕ, ಗ, ತ, ದಗಳನ್ನು ಕಾರ್ಡಿನ ಮೇಲೆ ಬರೆದು, ತಲಕಟ್ಟು, ಗುಡಿಸು, ಏತ್ವವನ್ನು ಪ್ಲಾಸ್ಟಿಕ್ ತುಂಡುಗಳ ಮೇಲೆ ಬರೆದಿಟ್ಟುಕೊಳ್ಳಿ. ತಲಕಟ್ಟು ಎತ್ತಿ ಗುಡಿಸು ಇಟ್ಟರೆ 'ಗ' ಹೋಗಿ 'ಗಿ'. ಜ, ಟ, ಣ, ಬ, ಲಗಳಿಗೆ ತಲಕಟ್ಟೇ ಇಲ್ಲ, ಅವನ್ನು ಈ ಆಟಕ್ಕೆ ತರಬೇಡಿ.

ಇಂಗ್ಲಿಷ್ ಫೋನಿಕ್ಸ್ ಕ್ಲಾಸು ಕನ್ನಡಕ್ಕೆ ಬರುತ್ತದೆಯೇ

ಬೆಂಗಳೂರಿನ ಬಹಳ ಮಕ್ಕಳು ಮೊದಲು ಓದುವುದು ಇಂಗ್ಲಿಷನ್ನೇ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ನಂತರ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಉಂಟು, ಆದರೆ ಅಷ್ಟರಲ್ಲಿ ಮಗುವಿನ ತಲೆಯಲ್ಲಿ ಫೋನಿಕ್ಸ್ ಕೂತಿರುತ್ತದೆ. ಹೆಸರಾದ ಜಾಲಿ ಫೋನಿಕ್ಸ್ 42 ಸದ್ದುಗಳ ಪದ್ಧತಿ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್, ಅಂದರೆ ಅದೂ ವರ್ಣಮಾಲೆ ಕ್ರಮ ಬಿಟ್ಟು, ಬೇಗ ಪದವಾಗುವ ಅಕ್ಷರಗಳಿಂದಲೇ ಹೊರಡುತ್ತದೆ. ರಗಸದದ ಯೋಚನೆಯೇ ಬೇರೆ ವೇಷದಲ್ಲಿ!

ಸದ್ದುಗಳನ್ನು ಕೂಡಿಸಿ ಪದ ಮಾಡುವ ಅಭ್ಯಾಸ ಕನ್ನಡಕ್ಕೂ ಉಪಯೋಗ. ಎರಡು ಕಡೆ ಘರ್ಷಣೆ. ಒಂದು, ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಬರಿಯ ವ್ಯಂಜನದ ಸದ್ದು, ಕನ್ನಡದ 'ಕ'ದೊಳಗೆ 'ಅ' ಈಗಾಗಲೇ ಇದೆ. ಮಗು 'ಮರ'ವನ್ನು 'ಮ್‌ರ್' ಎಂದು ಓದಿದರೆ ಅದು ಫೋನಿಕ್ಸಿನ ಪ್ರಭಾವ. 'ಕ್' ಮತ್ತು 'ಕ' ಪಕ್ಕಪಕ್ಕ ಹೇಳಿಸಿದರೆ ಹೋಗುತ್ತದೆ. ಎರಡು, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕಲಿಸುವ ಹಾಳೆಗಳು. ಅವನ್ನು ಪೂರ್ತಿ ದೂರ ಇಡಿ. ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆದದ್ದು ಕಲಿ, ಕಳಿ, ಕಾಳಿ, ಖಾಲಿ ನಾಲ್ಕೂ ಆಗಬಹುದು.

ಕನ್ನಡ ಕಲಿಸುವ ಕ್ಲಾಸಿಗೆ ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಒತ್ತಕ್ಷರ ಯಾವಾಗ, ಯಾವ ಕ್ರಮದಲ್ಲಿ ಕಲಿಸ್ತೀರಾ?" "ಅದು ತಾನಾಗೇ ಬರುತ್ತೆ" ಎಂಬ ಉತ್ತರ ಬಂದರೆ ಚಪ್ಪಲಿ ಹಾಕಿಕೊಳ್ಳಬಹುದು. ಮನೆಯಲ್ಲಿ ಕನ್ನಡ ಮಾತಿಲ್ಲದ ಮಕ್ಕಳಿಗಂತೂ ಯಾವ ವಿಧಾನಕ್ಕೂ ಮೊದಲು ಮಾತು ಬೇಕು. 'ಅಗಸ' ಎಂದು ತಪ್ಪಿಲ್ಲದೆ ಓದಿ, ಅದು ಏನೆಂದು ಗೊತ್ತಿಲ್ಲದಿದ್ದರೆ ಆ ಓದು ಕೈಗೆ ಹತ್ತಿದ್ದಲ್ಲ.

ಒತ್ತಕ್ಷರ: ಎಲ್ಲ ಸಾಮಗ್ರಿಯೂ ಕೈಬಿಡುವ ಜಾಗ

ಮೊದಲು ಸಜಾತಿ ಒತ್ತು: ಅಕ್ಕ, ಅಪ್ಪ, ಹಗ್ಗ, ಬೆಲ್ಲ, ಕಪ್ಪೆ, ಮೊಟ್ಟೆ. ಆಡುಮಾತಿನ ಪದಗಳಾದ್ದರಿಂದ ಮಗು ಅರ್ಧ ಊಹಿಸಿ ಗೆಲ್ಲುತ್ತದೆ, ಗೆಲ್ಲಲಿ. ಕ, ಗ, ಪ, ಟಗಳ ಒತ್ತು ತಾಯಿ ಅಕ್ಷರದ ಮರಿಯಂತೆಯೇ ಇರುತ್ತದೆ. ತ, ನ, ಮ, ಯ, ರ, ಲ ಆರರ ಒತ್ತು ಮಾತ್ರ ಹೋಲುವುದೇ ಇಲ್ಲ, ಇವಕ್ಕೆ ಬೇರೆಯೇ ಆರು ಕಾರ್ಡು ಮಾಡಿ. ಇವೇ ಹೆಚ್ಚು ಬಳಕೆಯವೂ ಹೌದು. ಆಮೇಲೆ ವಿಜಾತಿ: ಪುಸ್ತಕ, ಚಂದ್ರ, ವಿದ್ಯೆ.

ನಿಜವಾದ ತೊಡಕು ಗುಣಿತ ಮತ್ತು ಒತ್ತು ಒಟ್ಟಿಗೆ ಬಂದಾಗ. 'ರಸ್ತೆ' ಬರೆಯುವಾಗ ಏತ್ವ ಕೂರುವುದು ಮೇಲಿನ ಸ ಮೇಲೆ, ಕೇಳಿಸುವುದು ಕೆಳಗಿನ ತ ಆದಮೇಲೆ. ಮಗು 'ರಸೆತ' ಎನ್ನುತ್ತದೆ. 'ಬೆಕ್ಕು' 'ಬೆಕುಕ' ಆಗುತ್ತದೆ. "ಸರಿಯಾಗಿ ನೋಡು" ಎಂದರೆ ಉಪಯೋಗವಿಲ್ಲ, ಮಗು ಸರಿಯಾಗಿಯೇ ನೋಡಿದೆ. ಬೆರಳಿನ ದಾರಿ ಕಲಿಸಿ: ಮೇಲಿನ ಅಕ್ಷರ ಅರ್ಧ (ಸ್), ಕೆಳಗಿಳಿ (ತ), ಆಮೇಲೆ ಮೇಲೆ ಹತ್ತಿ ಚಿಹ್ನೆ ತೆಗೆದುಕೋ (ತೆ). ಮೇಲೆ, ಕೆಳಗೆ, ಮತ್ತೆ ಮೇಲೆ. ದಿನಕ್ಕೆ ಐದೇ ಪದ, ಎರಡು ವಾರ.

ಅರ್ಕಾವೊತ್ತು ಕಟ್ಟಕಡೆಗೆ. ಸೂರ್ಯ, ಧರ್ಮ, ವರ್ಷಗಳಲ್ಲಿ ರ ಬರೆಯುವುದು ಆಮೇಲೆ, ಓದುವುದು ಮೊದಲು. 'ಸೂಯ್ರ' ಎಂದು ಓದುವುದು ಎರಡನೇ ತರಗತಿಯಲ್ಲೂ ಮಾಮೂಲು, ಗಾಬರಿ ಬೇಡ.

ಕಥೆ ಪುಸ್ತಕ ಮತ್ತು ಆ್ಯಪು

ಬೆಂಗಳೂರಿನಲ್ಲೇ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು, 2015ರಿಂದ ನಡೆಯುತ್ತಿರುವ ಅವರದೇ ಸ್ಟೋರಿವೀವರ್ ಜಾಲತಾಣ, ಇವೆರಡು ಕೊಡುವ ಓದಿನ ರಾಶಿಗೆ ಸಾಟಿಯಿಲ್ಲ. ಜಾಲತಾಣದ ಕನ್ನಡ ಕಥೆಗಳು ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಒಂದು ಮಾತು ತಿಳಿದಿರಲಿ: ಮೊದಲ ಹಂತ ಎಂಬ ಗುರುತು ಕಥೆ ಚಿಕ್ಕದು, ಸರಳ ಎಂದು ಹೇಳುತ್ತದೆ, ಅಕ್ಷರ ಸುಲಭ ಎಂದಲ್ಲ. 'ಅಲ್ಲಿ', 'ಇಲ್ಲ', 'ಎಷ್ಟು' ಇಲ್ಲದೆ ಕನ್ನಡ ಕಥೆ ಬರೆಯುವುದೇ ಕಷ್ಟ. ಆದ್ದರಿಂದ ಗುಣಿತ ಕಲಿಯುತ್ತಿರುವಾಗ ಇವನ್ನು ನೀವು ಓದಿ ಹೇಳಿ, ಬೆರಳು ಸಾಲಿನ ಕೆಳಗೆ ಓಡಲಿ. ಸಜಾತಿ ಒತ್ತು ಬಂದ ಮೇಲೆ ಮಗುವಿನ ಕೈಗೆ ಕೊಡಿ. ಕೊಳ್ಳದೇ ಓದಬೇಕೆಂದರೆ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ.

ಆ್ಯಪುಗಳದ್ದು ಚಿಕ್ಕ ತೀರ್ಪು. ನಾಲ್ಕರಲ್ಲಿ ಒಂದನ್ನು ಒತ್ತು ಎನ್ನುವುದು ಗುರುತಿಸುವ ಆಟ, ಓದಲ್ಲ. ಮಗು ಮೂರು ತಪ್ಪು ಒತ್ತಿ ನಾಲ್ಕನೆಯದಕ್ಕೆ ಚಪ್ಪಾಳೆ ಗಿಟ್ಟಿಸುತ್ತದೆ. ಆ್ಯಪು 'ಹ' ಮತ್ತು 'ಅ'ವನ್ನು, 'ಲ' ಮತ್ತು 'ಳ'ವನ್ನು ಬೇರೆಯಾಗಿ ಉಚ್ಚರಿಸುತ್ತದೆಯೇ ಕೇಳಿ, ಇಲ್ಲದಿದ್ದರೆ ಅಳಿಸಿ.

ಎಲ್ಲಿಗೆ ಬಂತು ಎಂದು ನೋಡಲು

ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬಂದಿದೆ ಎಂದು ಅಳೆಯುವ ಅಸರ್ ಸಮೀಕ್ಷೆಯ ಮಾದರಿ ಮನೆಗೂ ಸಾಕು: ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ. ಐದು ಅಕ್ಷರ ಅಥವಾ ಐದು ಪದದಲ್ಲಿ ನಾಲ್ಕು ಸರಿಯಾದರೆ ಮೇಲಿನ ಹಂತ. ಓದು-ಲೆಕ್ಕದ ಬುನಾದಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಎರಡನೇ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ ಎನ್ನುತ್ತದೆ. ಇದನ್ನು ಗಡಿಯಾರ ಹಿಡಿದು ಕನ್ನಡಕ್ಕೆ ಹೊರಿಸಬೇಡಿ, 'ಮಾಡಿಕೊಂಡಿದ್ದರು' ಕೂಡ ಇಲ್ಲಿ ಒಂದೇ ಪದ.

ಒಂದೇ ದಾರಿ ಹೇಳಿ ಎಂದರೆ: ರಗಸದ ಕ್ರಮದ ಮನೆ ಕಾರ್ಡು, ಮೂರು ಹಂತದ ಪ್ರಶ್ನೆ, ನಿಲುಸಾಲಿನ ಕಾಗುಣಿತ, ಪ್ರತಿ ರಾತ್ರಿ ಒಂದು ಕಥೆ. ದಿನಕ್ಕೆ 15 ನಿಮಿಷ. ಚಾರ್ಟು ಗೋಡೆಯ ಮೇಲಿದ್ದರೆ ಇರಲಿ. ಸ್ಯಾಂಡ್ ಪೇಪರ್ ನಾಲ್ಕು ವರ್ಷದವರೆಗಿನವರಿಗೆ ಮಾತ್ರ.

ಅಭ್ಯಾಸದ ಪುಸ್ತಕ ಬೇಕೆಂದರೆ ನಮ್ಮ ಮೆಟ್ರೋ ಬೋರ್ಡುಗಳಿವೆ, ಅವು ತಾವಾಗಿಯೇ ಏಣಿಯಂತೆ ಜೋಡಿಸಿಕೊಂಡಿವೆ. 'ಜಯನಗರ'ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. 'ವಿಜಯನಗರ'ಕ್ಕೆ ಒಂದೇ ಗುಡಿಸು. 'ರಾಜಾಜಿನಗರ'ಕ್ಕೆ ಇಳಿ ಎರಡು, ಗುಡಿಸು ಒಂದು. 'ಇಂದಿರಾನಗರ', 'ಬನಶಂಕರಿ'ಗೆ ಸೊನ್ನೆ ಬರಬೇಕು. 'ಚಿಕ್ಕಪೇಟೆ', 'ಯಲಚೇನಹಳ್ಳಿ' ಸಜಾತಿ ಒತ್ತು ಬಂದವರಿಗೆ. 'ಸ್ವಾಮಿ ವಿವೇಕಾನಂದ ರಸ್ತೆ'ಯಲ್ಲಿ ಇಳಿಯುವ ಮೊದಲು ಮೇಲೆ-ಕೆಳಗೆ-ಮೇಲೆ ಗೊತ್ತಿರಬೇಕು. 'ಮಹಾಲಕ್ಷ್ಮಿ'ಯನ್ನು ಕೊನೆಗಿಡಿ, ಅಲ್ಲಿ ಕ, ಷ, ಮ ಮೂರೂ ಒಂದರ ಕೆಳಗೊಂದು ನಿಂತು ಮೇಲೆ ಗುಡಿಸು ಬೇರೆ ಹೊತ್ತಿವೆ.